ಎರಡು ಗಂಟೆಗೊಮ್ಮೆ

ಗಂಡನನ್ನೂ ಮಗಳನ್ನೂ ತನ್ನಿಂದ ಕಿತ್ತುಕೊಂಡವಳು ಒಂದಲ್ಲ ಒಂದು ದಿನ ಕೈಗೆ ಸಿಕ್ಕೇ ಸಿಗುತ್ತಾಳೆಂದು ಪ್ರಫುಲ್ಲಾ ನಾಲ್ಕು ವರ್ಷದಿಂದ ಕಾದಿದ್ದಳು. ಇವತ್ತು ಅವಳು ತಾನಾಗಿಯೇ ಪ್ರಫುಲ್ಲಾಳ ಮೆಡಿಕಲ್ ಶಾಪಿಗೆ ಬಂದು ನಿಂತಳು. ಮುಖಕ್ಕೆ ದುಪಟ್ಟಾ ಸುತ್ತಿಕೊಂಡಿದ್ದರೂ ಆ ಕಣ್ಣುಗಳ ಗುರುತು ತಪ್ಪುವಂತಿರಲಿಲ್ಲ.

“ಎಣ್ಣೆ ಮುಖ, ತುಂಬ ಮೊಡವೆ. ದಿನವಿಡೀ ಬಿಸಿಲಲ್ಲಿರಬೇಕು. ಯಾವ ಸನ್‌ಸ್ಕ್ರೀನ್ ಆಗುತ್ತೆ?”

ಇಂಥ ಮುಖಕ್ಕೆ ತೆಳು ಜೆಲ್ಲೇ ಸರಿಯೆಂದು ಪ್ರಫುಲ್ಲಾಗೆ ಚೆನ್ನಾಗಿ ಗೊತ್ತಿತ್ತು; ತನ್ನದೂ ಅಂಥದ್ದೇ ಚರ್ಮ. ಆದರೂ ಬೆಣ್ಣೆಯಂಥ ಜಿಡ್ಡು ಕ್ರೀಮನ್ನೇ ಹುಡುಕಿ ತೆಗೆದಳು.

“ಎರಡು ಗಂಟೆಗೊಮ್ಮೆ ಹಚ್ಚಿ.”

“ಮತ್ತೆ ಹಚ್ಚೋ ಮೊದಲು ಮುಖ ಒರೆಸ್ಬೇಕಾ?”

“ಏನೂ ಬೇಡ. ಬೆವರು, ಜಿಡ್ಡು ಏನೇ ಇರಲಿ, ಅದರ ಮೇಲೇ ದಪ್ಪಗೆ ಮೆತ್ತಿ, ಚೆನ್ನಾಗಿ ತಿಕ್ಕಿ.”

ವಾರದೊಳಗೆ ಆ ಮುಖ ಕೀವು ತುಂಬಿ ಊದಿಕೊಳ್ಳುವುದನ್ನು ನೆನೆದೇ ಪ್ರಫುಲ್ಲಾಗೆ ಹೊಟ್ಟೆ ತಣ್ಣಗಾಯಿತು.

ಬಂದವಳು ಟ್ಯೂಬನ್ನು ಚೀಲಕ್ಕೆ ಹಾಕಿಕೊಂಡು ದುಪಟ್ಟಾ ಬಿಚ್ಚಿದಳು. ಮುಖದಲ್ಲಿ ಒಂದು ಮೊಡವೆಯೂ ಇರಲಿಲ್ಲ.

“ನಾಳೆಯಿಂದ ಸ್ಕೂಲಲ್ಲಿ ಅಥ್ಲೆಟಿಕ್ಸ್ ಕ್ಯಾಂಪು. ‘ಬೇರೆ ಯಾರನ್ನೂ ಕೇಳ್ಬೇಡಿ, ಅಮ್ಮ ಹೇಳಿದ ಹಾಗೇ ಹಚ್ಕೋತೀನಿ’ ಅಂದ್ಲು ನಿಮ್ಮ ಮಗಳು.”