ಬಿರಿದ ಪೈಪು

ಆಕ್ಸಿಲರೇಟರ್‌ನಿಂದ ಅವಳು ಕಾಲು ತೆಗೆದದ್ದೇ ತಡ, ಎಂಜಿನ್ ನಡುಗಿ ನಿಂತಿತು. ಹೊರಗೆ ನಿಂತಿದ್ದ ಗಂಡ ಕಾರಿನ ಕಿಟಕಿಯೊಳಗೆ ಕೈ ತೂರಿಸಿ ಅವಳ ಕೆನ್ನೆಗೆ ಬಾರಿಸಿದ. "ಪ್ರತಿ ಸಿಗ್ನಲ್‌ನಲ್ಲೂ ಹೀಗೇ ನಿಲ್ಲಿಸ್ತಾಳೆ. ಕಾಲಾ ಅದು, ಕೊರಡಾ?" ಎಂದು ಗ್ಯಾರೇಜಿಗೆಲ್ಲ ಕೇಳುವಂತೆ ಕಿರುಚಿದ. ಅವಳ ತುಟಿ ಒಡೆದು ರಕ್ತ ಸೀಟ್ ಬೆಲ್ಟಿನ ಮೇಲೆ ತೊಟ್ಟಿಕ್ಕಿತು.

ಬಾನೆಟ್ಟಿನೊಳಗೆ ತಲೆ ಹಾಕಿದ್ದ ಮೆಕ್ಯಾನಿಕ್, "ಅಕ್ಕ, ಮತ್ತೆ ಸ್ಟಾರ್ಟ್ ಮಾಡಿ," ಎಂದ. ಎಂಜಿನ್ ಏದುಸಿರು ಬಿಡತೊಡಗಿದಾಗ ಒಂದು ರಬ್ಬರ್ ಪೈಪನ್ನು ಬೆರಳಿನಿಂದ ಒತ್ತಿ ಹಿಡಿದ. ನಡುಕ ನಿಂತು ಸದ್ದು ಸಮವಾಯಿತು. ಬೆರಳು ತೆಗೆಯದೆಯೇ ಹೇಳಿದ: "ನೋಡಿ ಸಾರ್, ಪೈಪ್ ಬಿರಿದಿದೆ. ಇಲ್ಲಿಂದ ಬೇಡದ ಗಾಳಿ ನುಗ್ಗುತ್ತೆ. ಸ್ಪೀಡಲ್ಲಿ ಗೊತ್ತಾಗಲ್ಲ, ನಿಧಾನ ಮಾಡಿದ್ರೆ ಆಫ್ ಆಗುತ್ತೆ. ಅಕ್ಕ ಏನ್ಮಾಡ್ತಾರೆ ಪಾಪ? ನೀವು ಓಡಿಸಿದ್ರೂ ಅಷ್ಟೇ."

ಅವಳು ಇಳಿದು ಬಂದು ಬಗ್ಗಿ ನೋಡಿದಳು. ಉಗುರಿನಷ್ಟಿದ್ದ ಆ ಬಿರುಕಿಗಾಗಿ ಇಷ್ಟು ದಿನ ಹೊಡೆತ ತಿಂದಿದ್ದಳು. "ಕೇಳಿಸ್ತಾ ರೀ?" ಎಂದಳು.

"ನನಗೇ ಎದುರು ಮಾತಾಡ್ತೀಯೇನೇ?" ಎಂದು ಅವನು ಬಾನೆಟ್ಟಿನ ಬಳಿಗೆ ಬಂದು ಮತ್ತೆ ಕೈ ಬೀಸಿದ. ಬೀಸಿ ಬಂದ ಮಣಿಕಟ್ಟನ್ನು ಅವಳು ಎರಡೂ ಕೈಯಲ್ಲಿ ಹಿಡಿದಳು. ಮೈಭಾರವನ್ನೆಲ್ಲ ಹಾಕಿ ಆ ಅಂಗೈಯನ್ನು ಎಂಜಿನ್ನಿನ ಕಾದ ಹೊಗೆಕೊಳವೆಗೆ ಅದುಮಿದಳು. ಚರ್ಮ ಚುರ್ರೆಂದಿತು.

"ಯಾರ ತಪ್ಪು, ಹೇಳಿ."

"ಪೈಪು! ಪೈಪಿಂದು ಕಣೇ, ಬಿಡೇ!" ಎಂದು ಅವನು ಚೀರಿದ.

"ಪೈಪು ನನ್ನ ಹೊಡೀಲಿಲ್ಲ," ಎಂದು ಅವಳು ಇನ್ನಷ್ಟು ಅದುಮಿದಳು.