ಮೂರನೇ ತಪಾಸಣೆ

“ಇಲ್ಲೊಂದು ಸೈನ್ ಹಾಕ್ಬಿಡಿ ಡಾಕ್ಟ್ರೇ, ಊಟ ತಣ್ಣಗಾಗ್ತಿದೆ,” ಎಂದು ಅನಂತರಾಜು ವರದಿಯನ್ನು ಮುಂದೆ ತಳ್ಳಿದರು. ಹೆಸರಘಟ್ಟದಲ್ಲಿ ಎಂಬತ್ತು ಕಿಲೋಮೀಟರ್ ಕುದುರೆ ಸವಾರಿ ಸ್ಪರ್ಧೆ ನಡೆಸಿದವರು ಅವರೇ, ಅದರಲ್ಲಿ ಸತ್ತ ಕುದುರೆಯ ಮಾಲೀಕರೂ ಅವರೇ, ಸಾವಿನ ತನಿಖಾ ಸಮಿತಿಗೆ ಅಧ್ಯಕ್ಷರೂ ಅವರೇ. ಸಮಿತಿ ಸ್ವತಂತ್ರವಾಗಿ ಕಾಣಲೆಂದು ಹೊರಗಿನಿಂದ ಕರೆಸಿದ್ದು ಪಶುವೈದ್ಯೆ ಅತೀಯಾ ಅವರೊಬ್ಬರನ್ನು.

ವರದಿಯ ಪ್ರಕಾರ ತಪ್ಪೆಲ್ಲ ಇಪ್ಪತ್ತು ವರ್ಷದಿಂದ ಲಾಯ ನೋಡಿಕೊಳ್ಳುತ್ತಿದ್ದ ರಿಯಾಜನದು. ಸರಿಯಾಗಿ ನೀರು ಕುಡಿಸಿಲ್ಲ, ಕೆಲಸದಿಂದ ತೆಗೆಯತಕ್ಕದ್ದು. ರಿಯಾಜ್ ಬಾಗಿಲ ಬಳಿ ನಿಂತಿದ್ದ.

ಅತೀಯಾ ಕುದುರೆಯ ತಪಾಸಣೆ ಕಾರ್ಡ್ ಕೇಳಿದರು.

“ಧಾರಾಳವಾಗಿ ನೋಡಿ. ದಾರೀಲಿ ನಾಲ್ಕೂ ಕಡೆ ನಿಲ್ಸಿ ಚೆಕ್ ಮಾಡಿದ್ದಾರೆ, ಎದೆಬಡಿತ ಎಲ್ಲಾ ನಾರ್ಮಲ್ಲೇ,” ಎಂದರು ಅನಂತರಾಜು.

ಅತೀಯಾ ಓದಿ ತಲೆಯೆತ್ತಿದರು. “ಕುದುರೆ ಎಲ್ಲಿ ಬಿತ್ತು, ರಿಯಾಜ್ ಭಾಯ್?”

“ಎರಡನೇ ಚೆಕಿಂಗ್ ಆಗಿ ಸ್ವಲ್ಪ ದೂರ ಮೇಡಂ. ಅಲ್ಲೇ ಜೀವ ಹೋಯ್ತು.”

ಅತೀಯಾ ಕಾರ್ಡನ್ನು ಅಧ್ಯಕ್ಷರತ್ತ ತಿರುಗಿಸಿ ಮೂರನೇ ಸಾಲಿನ ಮೇಲೆ ಬೆರಳಿಟ್ಟರು. “ಹಾಗಾದ್ರೆ ಮೂರನೇ ಕಡೆ ನಿಮಿಷಕ್ಕೆ ಐವತ್ತಾರು ಸಲ ಬಡ್ಕೊಂಡಿದ್ದು ಯಾರ ಎದೆ ಸಾರ್?”

“ಅಯ್ಯೋ, ಅದನ್ನೆಲ್ಲ ಬೆಳಿಗ್ಗೆನೇ ತುಂಬಿಸಿಟ್ಬಿಡ್ತೀವಿ ಕಣ್ರೀ,” ಎಂದರು ಅನಂತರಾಜು, ಹೊಸಬರಿಗೆ ಪದ್ಧತಿ ತಿಳಿಸಿಕೊಡುವ ತಾಳ್ಮೆಯಿಂದ. “ಆಮೇಲೆ ರಶ್ ಆಗುತ್ತೆ.”

ಅತೀಯಾ ವರದಿಯಲ್ಲಿ ರಿಯಾಜನ ಹೆಸರನ್ನು ಹೊಡೆದುಹಾಕಿ, ಆ ಜಾಗದಲ್ಲಿ ಈ ಮಾತನ್ನು ಒಂದಕ್ಷರವೂ ಬಿಡದೆ ಬರೆಯತೊಡಗಿದರು.