ಸಾಲಿನಲ್ಲಿ ಕಾದವರು

ಯೆರ್ನೆಯ್‌ನ ಬಾಗಿಲಿಗೆ ಬಂದದ್ದು ಶವಕ್ಕಿಡುವ ಪುಷ್ಪಚಕ್ರ. ಕಪ್ಪು ಪಟ್ಟಿಯ ಮೇಲೆ ಅವನದೇ ಹೆಸರು. ಹೆಂಡತಿ ನೇಝಾ ಅದನ್ನು ಎರಡು ಬೆರಳಲ್ಲಿ ಎತ್ತಿ ಕಸದ ತೊಟ್ಟಿಗೆ ಎಸೆದು ಕೈ ತೊಳೆದಳು. ಕಳಿಸಿದ್ದು ಅವಳ ತಮ್ಮ ವಿದ್‌ನ ಕಡೆಯವರು. ಹೋದ ತಿಂಗಳು ವಿದ್‌ನ ಬಾಗಿಲಿಗೆ ಸತ್ತ ಹೆಗ್ಗಣ ಕಟ್ಟಿದ್ದು ಅವಳ ಗಂಡನ ಕಡೆಯವರು. ಒಬ್ಬರಿಗಿಂತ ಒಬ್ಬರು ಹೇಸಿಗೆ.

ಚೆಬೆಲಾ ಎಂಬ ಡಿಜಿಟಲ್ ನಾಣ್ಯವನ್ನು ಭಾವ, ಭಾವಮೈದುನ ಸೇರಿಯೇ ಹುಟ್ಟಿಸಿದ್ದರು, ಲುಬ್ಲಿಯಾನಾ ನಗರದ ಇದೇ ಅಡುಗೆಮನೆಯಲ್ಲಿ. ಅದರ ಲೆಕ್ಕದ ಪುಸ್ತಕಕ್ಕೆ ಹತ್ತು ನಿಮಿಷಕ್ಕೊಂದು ಹೊಸ ಪುಟ. ಎಲ್ಲರ ವ್ಯವಹಾರವೂ ಅದರಲ್ಲೇ ಹಿಡಿಯಬೇಕು. ಈಗ ಹಿಡಿಯುತ್ತಿರಲಿಲ್ಲ. ಸಾವಿರಾರು ವ್ಯವಹಾರಗಳು ಸಾಲಿನಲ್ಲಿದ್ದವು. ಹೆಚ್ಚು ಶುಲ್ಕ ಕೊಟ್ಟವರಿಗೆ ಮೊದಲ ಜಾಗ.

ಜನ ಕಾಯುತ್ತಿದ್ದಾರೆ, ಪುಟ ದೊಡ್ಡದು ಮಾಡೋಣ ಎಂದು ಯೆರ್ನೆಯ್. ಎಷ್ಟು ದೊಡ್ಡದಾದರೂ ಬೇಡದ ವ್ಯವಹಾರಗಳ ಕಸವೇ ತುಂಬುತ್ತದೆ, ಅಷ್ಟು ದೊಡ್ಡ ಪುಸ್ತಕ ಇಟ್ಟುಕೊಳ್ಳಲಾಗದೆ ಸಣ್ಣ ಕಂಪ್ಯೂಟರಿನ ಜನ ಹೊರಗೆ ಬೀಳುತ್ತಾರೆ ಎಂದು ವಿದ್. ಇಬ್ಬರ ಬಾಯಲ್ಲೂ ಜನ, ಜನ. ಕೇಳಿ ಕೇಳಿ ಆ ಮಾತು ನೇಝಾಳಿಗೆ ಹಳಸಿದ ಸಾರಿನಂತೆ ನಾರುತ್ತಿತ್ತು.

ಅಷ್ಟರಲ್ಲಿ ಪ್ತೂಯ್ ಊರಿನಿಂದ ಅವಳ ಅಮ್ಮನ ಫೋನು. ಮೊಮ್ಮಗಳು ಲೂಚ್ಕಾಳ ಹುಟ್ಟುಹಬ್ಬಕ್ಕೆ, ಅಳಿಯನಿಗೂ ಮಗನಿಗೂ ಖುಷಿಯಾಗಲೆಂದು ಚೆಬೆಲಾದಲ್ಲೇ ಉಡುಗೊರೆ ಕಳಿಸಿದ್ದಳಂತೆ. ಜುಗ್ಗತನ ಮಾಡಿ ಕಡಿಮೆ ಶುಲ್ಕ ಒತ್ತಿದ್ದಳು. ಇನ್ನೂ ತಲುಪಿರಲಿಲ್ಲ.

ನೇಝಾ ಸೂಟ್‌ಕೇಸ್ ಇಳಿಸಿದಳು. ತಮ್ಮನಿಗೆ ಫೋನು ಹಚ್ಚಿ, ಗಂಡನಿಗೂ ಕೇಳಿಸುವಂತೆ ಹೇಳಿದಳು. "ಪುಟ ಬರೆಯೋ ಯಂತ್ರ ಒಂದು ಬಿಟ್ಟು ನಿಮ್ಮಿಬ್ಬರ ಕಡೆ ಕಂಪ್ಯೂಟರಲ್ಲಿ ಓಡ್ತಿರೋದೆಲ್ಲ ಇವತ್ತೇ ನಿಲ್ಬೇಕು. ಭಾನುವಾರದ ಊಟದವರೆಗೆ. ಇಲ್ಲಾಂದ್ರೆ ಮಗೂನ ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ."

"ಎಲ್ಲಾನೂನಾ?" ಎಂದ ಯೆರ್ನೆಯ್.

"ಎಲ್ಲಾನೂನಾ, ಅಕ್ಕ?" ಎಂದ ವಿದ್.

ಭಾನುವಾರ ಇಬ್ಬರೂ ಮೇಜಿನ ಎರಡು ತುದಿ ಹಿಡಿದು ಕೂತರು. ಸೂಪು ಆರಿತು. ಅಖರೋಟಿನ ಪೊತಿತ್ಸಾ ಕೇಕಿಗೆ ಯಾರೂ ಚಾಕು ಹಾಕಲಿಲ್ಲ. ಸೂಟ್‌ಕೇಸ್ ಬಾಗಿಲಲ್ಲೇ ಇತ್ತು.

"ಕೇಳ್ರೀ ಭಾವ, ನಿಮ್ಮ ಕಸ ನಿಂತಿದೆ," ವಿದ್ ಕೊಂಕು ತೆಗೆದ. "ಈಗ ಸಾಲು ಎಷ್ಟು ಇಳಿದಿದೆ ನೋಡಿ."

ಯೆರ್ನೆಯ್‌ನ ಕಿವಿ ಕೆಂಪಾಯಿತು. ಜನರ ಕಷ್ಟ ಎದ್ದು ಕಾಣಲೆಂದು ಒಂದಿಷ್ಟು ಸುಳ್ಳು ವ್ಯವಹಾರ ಸಾಲಿಗೆ ತುರುಕುತ್ತಿದ್ದುದು ನಿಜ ಎಂದು ಒಪ್ಪಿಕೊಂಡ. "ನೀನೇನು ಸಾಚಾನಾ? ನಿಂದೂ ಇತ್ತಲ್ಲ."

ವಿದ್ ತಟ್ಟೆ ನೋಡಿದ. ಕಸ ತುಂಬುತ್ತದೆ ಎಂದು ತೋರಿಸಲು ಕಸ ಬೇಕಿತ್ತು ಎಂದು ಗೊಣಗಿದ.

ನೇಝಾಳಿಗೆ ಇಬ್ಬರ ಮುಖಕ್ಕೂ ಉಗಿಯಬೇಕೆನಿಸಿತು. "ಮಿಕ್ಕಿದ್ದು?"

"ಮಿಕ್ಕಿದ್ದು ಜನರದ್ದು," ಇಬ್ಬರೂ ಒಟ್ಟಿಗೆ ಹೇಳಿದರು. ವರ್ಷಗಳ ಮೇಲೆ ಇದೊಂದಕ್ಕೆ ಒಪ್ಪಿದ್ದರು.

ಅವಳು ಲ್ಯಾಪ್‌ಟಾಪ್ ತೆರೆದಳು. ಸಾಲಿನಲ್ಲಿ ಯಾರೂ ಇರಲಿಲ್ಲ. ಪುಟ ಹಿಂದಕ್ಕೆ ಸರಿಸಿದಳು. ಖಾಲಿ. ಅದರ ಹಿಂದಿನದು ಖಾಲಿ. ನಿನ್ನೆ ರಾತ್ರಿಯದು ಖಾಲಿ. ಕಸ ತೀರಿದ ಕೊನೆಯಲ್ಲಿ, ಅಷ್ಟಗಲದ ಪುಟದಲ್ಲಿ ಕಡಿಮೆ ಶುಲ್ಕದ ಒಂದೇ ಒಂದು ವ್ಯವಹಾರದ ಸಾಲು ಬರೆದಿತ್ತು.

ಒಳಗಿನಿಂದ ಲೂಚ್ಕಾ ಫೋನು ಹಿಡಿದು ಓಡಿಬಂದಳು. "ಅಮ್ಮಾ, ಅಜ್ಜಿ ಕಳಿಸಿದ್ದು ನಿನ್ನೆನೇ ಬಂದಿದೆ."